ಬಾಯಿ ಬಿಡದ ಗಿಡ್ಡಮ್ಮ

ಮೂರನೆಯ ಸಲ ಎಲೆ ಅಡಿಕೆ ತಟ್ಟೆ ಹಿಡಿದು ಬಂದ ಗಿರಿಯಮ್ಮ ಈ ಬಾರಿ ಮಂಡಿಯೂರಿಯೇ ಕುಳಿತಳು. ಅರಸೀಕೆರೆಯ ಆ ಛತ್ರದ ಕೋಣೆಯಲ್ಲಿ, ಹೆಣ್ಣಿನ ಕಡೆಯವರ ಟ್ರಂಕು, ಸುತ್ತಿದ ಚಾಪೆ, ಬಾಳೆಗೊನೆಗಳ ನಡುವೆ, ಅವಳ ಗಂಡನ ಅಕ್ಕ ಗಿಡ್ಡಮ್ಮ ಗೋಡೆಗೆ ಒರಗಿ, ಸೆರಗನ್ನು ಕಿವಿಯ ಮೇಲಿಂದ ಗಲ್ಲದವರೆಗೂ ಹೊದ್ದು ಕೂತಿದ್ದಳು. ಬೆಳಿಗ್ಗೆ ಬಸ್ಸಿಳಿದು ಬಂದವಳು ಒಂದು ಮಾತಾಡಿರಲಿಲ್ಲ, ಒಂದು ಗುಟುಕು ಕಾಫಿ ಕುಡಿದಿರಲಿಲ್ಲ.

"ಅತ್ತಿಗಮ್ಮ, ಏನ್ ತಪ್ಪಾಯ್ತು ಅಂತ ಬಾಯ್ಬಿಟ್ ಹೇಳಿ. ನಾಳೆ ಧಾರೆ. ಸೋದರತ್ತೆ ನೀವೇ ಹಿಂಗ್ ಮೂಲೆ ಹಿಡ್ಕಂಡ್ ಕುಂತ್ರೆ ಬೀಗರ ಮುಂದೆ ನಾವ್ ಹೆಂಗ್ ಮಕ ತೋರ್ಸಾದು?"

ಗಿಡ್ಡಮ್ಮ ಬಾಯಿ ಬಿಡಲಿಲ್ಲ. ಬಿಡುವುದಕ್ಕೆ ಆಗಿದ್ದರೆ ತಾನೆ ಬಿಡುವುದು? ಎಡಗಡೆಯ ಕೊನೆಯ ದವಡೆ ಹಲ್ಲಿನ ದೆಸೆಯಿಂದ ನಿನ್ನೆ ಸಂಜೆಯಿಂದಲೇ ಅವಳ ದವಡೆ ಬಿಗಿದುಕೊಂಡಿತ್ತು. ಕಿರುಬೆರಳು ತೂರಿಸುವಷ್ಟು ಸಂದು ಉಳಿದಿತ್ತು, ಅದೂ ಬಲವಂತಕ್ಕೆ. ಸೆರಗಿನೊಳಗೆ ಕೆನ್ನೆಯಿಂದ ಕತ್ತಿನ ತನಕ ಊದಿ ಕಲ್ಲಾಗಿತ್ತು. ಆದರೆ ಇದು ಯಾರಿಗೂ ಗೊತ್ತಿರಲಿಲ್ಲ. ಮದುವೆ ಮನೆಯಲ್ಲಿ ಗಂಡನ ಅಕ್ಕನೋ ಚಿಕ್ಕಪ್ಪನೋ ಯಾರಾದರೊಬ್ಬರು ಊಟ ಬಿಟ್ಟು ಗೋಡೆ ನೋಡುತ್ತ ಕೂತರೆ ಅದಕ್ಕೆ ಒಂದೇ ಅರ್ಥ: ಮುನಿಸು. ಅಂಥವರನ್ನು ಎಲೆ ಅಡಿಕೆ ಹಿಡಿದು, ಗಲ್ಲ ಮುಟ್ಟಿ, ಕಾಲು ಹಿಡಿದು ಒಲಿಸಬೇಕು. ಆ ಸುತ್ತಿನಲ್ಲಿ ಮುನಿಸಿಲ್ಲದೆ ನಡೆದ ಮದುವೆ ಒಂದೂ ಇರಲಿಲ್ಲ. ನಡೆದಿದ್ದರೂ ಅದನ್ನು ಮದುವೆಯೆಂದು ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಗಿಡ್ಡಮ್ಮನೂ ಅವರು ಹಾಗೆಯೇ ತಿಳಿದುಕೊಳ್ಳಲೆಂದು ಸುಮ್ಮನಿದ್ದಳು. ಮುನಿಸಿಗೆ ಮರ್ಯಾದೆಯಿದೆ, ಹಲ್ಲುನೋವಿಗೆ ಏನಿದೆ? ನಿಜ ಗೊತ್ತಾದರೆ ತಮ್ಮನೇ ಮಗಳ ಮದುವೆ ಬಿಟ್ಟು ತನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾನೆ, ಅವರು ಹಲ್ಲು ಕೀಳುತ್ತಾರೆ. ಹಲ್ಲು ಕೀಳಿಸಿಕೊಳ್ಳುವುದೆಂದರೆ ಗಿಡ್ಡಮ್ಮನಿಗೆ ಎದೆ ಡವಗುಟ್ಟುತ್ತಿತ್ತು. ಹಳೇಬೀಡಿನ ಬಸ್ ಸ್ಟ್ಯಾಂಡಿನ ಪಕ್ಕ ಹೂವು ಮಾರುವ ಅವಳು ಸುತ್ತಮುತ್ತಲಿನ ಊರುಗಳಿಗೆಲ್ಲ ಸೋಬಾನೆ ಪದದ ಗಿಡ್ಡಮ್ಮ. ಆ ಪದಗಳನ್ನೆಲ್ಲ ಅವ್ವನಿಂದ ಕಲಿತಿದ್ದು. ಸ್ಕೂಲಿನಲ್ಲಿ ನಡೆದ ಹಲ್ಲಿನ ಶಿಬಿರವೊಂದರಲ್ಲಿ ಅವ್ವನ ಮುಂದಿನ ನಾಲ್ಕು ಹಲ್ಲು ಕಿತ್ತಮೇಲೆ ಸೋಬಾನೆಯೆಂದು ಎತ್ತಿದರೆ ಪದಕ್ಕಿಂತ ಮುಂಚೆ ಗಾಳಿ ಬರುತ್ತಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವ್ವ ಆಮೇಲೆ ಹಸೆಯ ಮುಂದೆ ಕೂರಲೇ ಇಲ್ಲ. ಎತ್ತಿ ಆಡಿಸಿದ ದಿವ್ಯಶ್ರೀಯ ಮದುವೆಯ ಮುನ್ನಾದಿನ ತನಗೂ ಅದೇ ಗತಿ ಬಂದರೆ? ನಾಳೆ ಮಧ್ಯಾಹ್ನ ಧಾರೆ ಮುಗಿಯಲಿ, ಆಮೇಲೆ ಹಲ್ಲಿನ ಹಣೆಬರಹ ನೋಡಿದರಾಯಿತು ಎಂದುಕೊಂಡಿದ್ದಳು.

ಅದೂ ಅಲ್ಲದೆ ಅವಳ ಲೆಕ್ಕದಲ್ಲಿ ಹಲ್ಲು ವಾಸಿಯಾಗಿತ್ತು. ಒಂದು ವಾರ ಅದು ಅವಳನ್ನು ಹುರಿದು ತಿಂದಿತ್ತು. ಲವಂಗ ಕಚ್ಚಿದಳು, ದಿನಾ ಹಾಕುವ ಕಡ್ಡಿಪುಡಿ ಹೊಗೆಸೊಪ್ಪನ್ನೇ ಒತ್ತಿದಳು, ಔಷಧಿ ಅಂಗಡಿಯ ಮಾತ್ರೆ ನುಂಗಿದಳು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಹೊತ್ತುಹೊತ್ತಿಗೂ ಕೆನ್ನೆಗೆ ಶಾಖ ಕೊಟ್ಟಳು. ಮೂರು ದಿನದ ಹಿಂದೆ ನೋವು ಸ್ವಿಚ್ಚು ಆರಿಸಿದ ಹಾಗೆ ನಿಂತುಹೋಯಿತು. ಊತ ಬಂದದ್ದು ಆಮೇಲೆ. ನೋವೇ ಹೋದ ಮೇಲೆ ಊತ ಎಷ್ಟು ದಿನ ಇದ್ದೀತು ಎಂದು ಇನ್ನೆರಡು ಸಲ ಶಾಖ ಕೊಟ್ಟುಕೊಂಡು ಬಸ್ಸು ಹತ್ತಿದ್ದಳು.

"ನಂಗೊತ್ತಾಯ್ತು ಬುಡು ಅಕ್ಕಯ್ಯ," ಎಂದು ಬಾಗಿಲಲ್ಲಿ ನಿಂತಿದ್ದ ತಮ್ಮ ಜವರಣ್ಣ ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಲಗ್ನಪತ್ರಿಕೇನ ಬಸ್ ಕಂಡಕ್ಟರ್ ಕೈಲಿ ಕೊಟ್ ಕಳಿಸ್ದೆ. ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೀಬೇಕಾಗಿತ್ತು. ತಪ್ಪಾಯ್ತು. ಚಪ್ಪರದ ಕೆಲ್ಸ ಇತ್ತು, ಬರಕ್ಕಾಗ್ಲಿಲ್ಲ."

ಗಿಡ್ಡಮ್ಮ ತಮ್ಮನನ್ನೇ ನೋಡಿದಳು. ಪತ್ರಿಕೆ ಕೊಟ್ಟ ಕಂಡಕ್ಟರು, 'ನಿಮ್ಮ ತಮ್ಮಂಗೆ ಜ್ವರ ಕಣಮ್ಮ, ಅದುಕ್ಕೆ ಬರ್ಲಿಲ್ಲ' ಎಂದಿದ್ದ. ಅವಳು ನಂಬಿ ದೇವರಿಗೆ ತುಪ್ಪದ ದೀಪ ಹರಸಿಕೊಂಡಿದ್ದಳು.

ಆ ನೋಟ ಗಿರಿಯಮ್ಮನನ್ನು ಚುಚ್ಚಿತು. "ಅದೊಂದೇ ಅಲ್ಲ," ಎಂದು ಅವಳು ತಲೆ ತಗ್ಗಿಸಿದಳು. "ಸೀರೆ ಇಚಾರ ನಿಮ್ ಕಿವಿಗ್ ಯಾರೋ ಹಾಕವ್ರೆ. ನಮ್ಮಕ್ಕಂಗೆ ಪೂರಾ ರೇಷ್ಮೆ ತಂದೆ, ನಿಮ್ಗೆ ಬರೀ ಅಂಚು ರೇಷ್ಮೇದು. ಹೂವಿನಂಗ್ಡೀಲಿ ಕುಂತ್ಕಳೋರಿಗೆ ರೇಷ್ಮೆ ಯಾಕೆ, ನೀರಾಗಿ ಹಾಳಾಯ್ತದೆ ಅಂತ... ನನ್ ಬುದ್ಧಿಗಿಷ್ಟು ಬೆಂಕಿ ಹಾಕ."

ಗಿಡ್ಡಮ್ಮನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಸೀರೆಯನ್ನು ಬಿಚ್ಚಿಯೂ ನೋಡಿರಲಿಲ್ಲ. ಅವಳ ಹುಬ್ಬು ಮೇಲೇರಿತು. ಹುಬ್ಬು ಏರಿದ್ದನ್ನು ಕಂಡು ಗಿರಿಯಮ್ಮ ಪೂರಾ ಕುಸಿದಳು.

"ಬಿಂದಿಗೆ ಇಚಾರಾನೂ ಗೊತ್ತಾಯ್ತಾ ನಿಮ್ಗೆ?"

"ಯಾವ್ ಬಿಂದಿಗೇಲೇ?" ಎಂದ ಜವರಣ್ಣ.

"ನಿಮ್ಮವ್ವನ ಹಿತ್ತಾಳೆ ಬಿಂದಿಗೆ ಕಣ್ರೀ. ಕಳ್ಳರು ಹೊತ್ಕಂಡೋದ್ರು ಅಂದಿದ್ನಲ್ಲ... ಅಟ್ಟದ ಮ್ಯಾಲೆ ಹುಲ್ಲೊಳಗೆ ಇಟ್ಟಿದ್ದೆ. ದಿವ್ಯಂಗೆ ಕೊಡಾಣ ಅಂತ. ಈಗ ಇಲ್ಲೇ ಮೂಟೇಲಿ ಐತೆ."

ಹನ್ನೊಂದು ವರ್ಷ! ಹನ್ನೊಂದು ವರ್ಷದಿಂದ ಆ ಬಿಂದಿಗೆ ಕದ್ದವರ ವಂಶಕ್ಕೆ ಗಿಡ್ಡಮ್ಮ ದಿನಕ್ಕೊಮ್ಮೆ ಶಾಪ ಹಾಕುತ್ತಿದ್ದಳು. ಅಂದರೆ ಅಷ್ಟು ದಿನವೂ ತವರಿಗೇ ಶಾಪ ಹಾಕಿಕೊಂಡ ಹಾಗಾಯಿತು. ಅವಳ ಹೊಟ್ಟೆಯೊಳಗಿಂದ ಛತ್ರದ ತಾರಸಿ ಹಾರಿಹೋಗುವಂಥ ಬೈಗುಳವೊಂದು ಎದ್ದು ಗಂಟಲಿಗೆ ಬಂದು, ದವಡೆಯ ಬಾಗಿಲು ಹಾಕಿದ್ದು ಕಂಡು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಗಂಡಹೆಂಡಿರಿಬ್ಬರೂ ಅದನ್ನು ಕಂಡು ಅವಳ ಕಾಲು ಹಿಡಿದುಕೊಂಡರು. ಜ್ವರದಲ್ಲಿ ಆ ಕಾಲು ಸುಡುತ್ತಿತ್ತು. ಇಬ್ಬರೂ ಅದನ್ನು ಸಿಟ್ಟೆಂದೇ ತಿಳಿದರು.

ಕೊನೆಗೆ ಅವಳನ್ನು ಎಬ್ಬಿಸಿದ್ದು ಮದುಮಗಳು. ಅರಿಶಿನದ ಸೀರೆಯುಟ್ಟ ದಿವ್ಯಶ್ರೀ ಬಾಗಿಲಲ್ಲಿ ಇಣುಕಿ, "ಗಿಡ್ಡತ್ತೆ, ಅವ್ರ ಕಡೇರು ಬಂದಾಯ್ತು. ನೀನು ಬಂದು ಕುಂತ್ಕಳೋವರ್ಗೂ ನಾನು ಮೈಗೆ ಅರಿಶಿನ ಮುಟ್ಟಿಸ್ಕಳಲ್ಲ," ಎಂದಳು. ಗಿಡ್ಡಮ್ಮ ಗೋಡೆ ಹಿಡಿದು ಎದ್ದಳು. ತಲೆ ಗಿರ್ರೆಂದಿತು. ಅವಳು ಎದ್ದದ್ದೇ ಸಾಕೆಂದು ಗಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಜಾರದಲ್ಲಿ ಜಮಖಾನ ಹಾಸಿ, ನಡುವೆ ಮಣೆಯಿಟ್ಟಿದ್ದರು. ಆ ಕಡೆ ಗಂಡಿನವರು, ಈ ಕಡೆ ಹೆಣ್ಣಿನವರು. ಗಂಡಿನ ಕಡೆ ಪದಕ್ಕೆ ಮುಂದಾಳು ಗಂಡಿನ ದೊಡ್ಡತ್ತೆ ಜಾನಕಮ್ಮ. ತೆಂಗಿನ ಮರದ ಹಾಗೆ ನೀಳವಾದ ಹೆಂಗಸು, ತಲೆಯ ಹಿಂದೆ ಮಡಕೆಯಷ್ಟು ದೊಡ್ಡ ತುರುಬು. ಗಿಡ್ಡಮ್ಮನೂ ಅವಳೂ ಹಿಂದೆ ಮೂರು ಮದುವೆಗಳಲ್ಲಿ ಎದುರಾಗಿದ್ದರು. ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ, ಆದರೆ ಒಬ್ಬರಿಲ್ಲದ ಮದುವೆಯಲ್ಲಿ ಇನ್ನೊಬ್ಬರಿಗೆ ಊಟ ರುಚಿಸುತ್ತಿರಲಿಲ್ಲ.

ವಿಡಿಯೋದವನು ದೀಪ ಹಾಕಿದ. ಸುಮಂಗಲಿಯರು ದಿವ್ಯಶ್ರೀಯ ಕೆನ್ನೆಗೆ ಅರಿಶಿನ ಮುಟ್ಟಿಸಿದರು. ಜಾನಕಮ್ಮ ಗಂಟಲು ಸರಿಮಾಡಿಕೊಂಡು, ನೇರ ಗಿಡ್ಡಮ್ಮನ ಮುಖ ನೋಡುತ್ತ ಎತ್ತಿದಳು:

ಹೂವ ಮಾರೋಳು ಬಂದ್ಲು ಹಳೇಬೀಡಿನ ಗಿಡ್ಡಿ
ಮೊಳ ಹಾಕೋ ಕೈಯೇ ಗೇಣುದ್ದ, ಬೀಗಿತ್ತಿ
ಗೇಣು ತೋರ್ಸಿ ಮೊಳ ಅಂತಾಳೆ, ಸೋಬಾನೆ.

ಹಜಾರವೆಲ್ಲ ಹೋ ಎಂದಿತು. ಹೂವು ಮಾರುವವಳಿಗೆ ಮೊಳ ಗಿಡ್ಡ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಗಿಡ್ಡಮ್ಮನ ಕೈ ನಿಜಕ್ಕೂ ಗಿಡ್ಡ, ಅದಕ್ಕೇ ಅವಳು ಪ್ರತಿ ಮೊಳಕ್ಕೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಅಳೆಯುತ್ತಿದ್ದಳು. ಇದು ಹಳೇಬೀಡಿಗೆಲ್ಲ ಗೊತ್ತು. ಉತ್ತರದ ಪದ ಅವಳ ತಲೆಯೊಳಗೆ ತಟ್ಟನೆ ಹುಟ್ಟಿತು, ಮೂರು ಸಾಲೂ ಸೊಗಸಾಗಿ. ಬಾಯಿ ತೆಗೆಯಲು ಹೋದಳು. ದವಡೆ ಕದಲಲಿಲ್ಲ. ಗಂಟಲಿನಿಂದ ಗೊರ್ರೆಂಬ ಸದ್ದು ಬಂತು. ತುಂಬಿ ಬಂದ ಎಂಜಲನ್ನು ನುಂಗಲಾರದೆ ಸೆರಗಿಗೆ ಒರೆಸಿಕೊಂಡಳು.

ಹೆಣ್ಣಿನ ಕಡೆಯವರು ತಲೆ ತಗ್ಗಿಸಿದರು. "ಇನ್ನೂ ಮುನಿಸು ಬಿಟ್ಟಿಲ್ಲ," ಎಂದು ಯಾರೋ ಪಿಸುಗುಟ್ಟಿದರು. ಉತ್ತರ ಬರದಿದ್ದರೆ ಮೂರು ಸಲ ಹಾಡಬೇಕೆಂಬುದು ಪದ್ಧತಿ. ಜಾನಕಮ್ಮ ಎರಡನೆಯ ಸಲ ಹಾಡಿದಳು, ಈ ಸಲ ಮೆಲ್ಲಗೆ. ಗಿಡ್ಡಮ್ಮನ ಕಣ್ಣಿಂದ ನೀರು ಸುರಿಯಿತು, ಬಾಯಿ ಹಾಗೇ ಇತ್ತು. ಮೂರನೆಯ ಸಲ ಎತ್ತಿದ ಜಾನಕಮ್ಮ ಮೊದಲ ಸಾಲಿಗೇ ನಿಲ್ಲಿಸಿಬಿಟ್ಟಳು.

ಅವಳು ಎದ್ದು ಜಮಖಾನ ದಾಟಿ ಬಂದಳು. ಗಂಡಿನ ಕಡೆಯವರು ಪದದ ನಡುವೆ ಎದ್ದು ಈ ಕಡೆ ಬಂದದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಬಂದವಳೇ ಗಿಡ್ಡಮ್ಮನ ಸೆರಗನ್ನು ಕಿವಿಯಿಂದ ಸರಿಸಿ, ಊದಿದ ಕತ್ತಿನ ಮೇಲೆ ಅಂಗೈಯಿಟ್ಟಳು.

"ಇದು ಮುನಿಸಲ್ಲ ಕಣ್ರೋ!" ಎಂದು ಕೂಗಿದಳು. "ಮುನಿಸ್ಕಂಡಿರೋ ಗಿಡ್ಡಿ ನನ್ ಪದಕ್ಕೆ ಉತ್ರ ಕೊಡದೆ ಕುಂತ್ಕತಾಳಾ? ಅನ್ನ ಬಿಟ್ಟಾಳು, ಇದ್ ಬುಡಾಕಿಲ್ಲ. ಬೀಗಿತ್ತಿ, ಹಲ್ಲಾ?"

ಗಿಡ್ಡಮ್ಮ ಹೌದೆಂದು ತಲೆಯಾಡಿಸಿದಳು.

"ಉಗುಳು ನುಂಗಕ್ಕೂ ಆಗ್ತಿಲ್ವಾ? ನೋವು ತಾನಾಗೇ ನಿಂತೋಯ್ತಾ?"

ಮತ್ತೆ ತಲೆಯಾಡಿಸಿದಳು. ಜಾನಕಮ್ಮನ ಮುಖ ಬಿಳಿಚಿಕೊಂಡಿತು. "ನಮ್ ತಮ್ಮಂಗೂ ಹಿಂಗೇ ಆಗಿದ್ದು. ನೋವು ಹೋಯ್ತು ಅಂತ ಬಾಡೂಟ ಮಾಡಿಸ್ದ. ಮೂರ್ನೇ ದಿನಕ್ಕೆ ಉಸ್ರು ಕಟ್ಟೋಯ್ತು, ದಾರೀಲೇ ಹೋದ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಏಯ್, ಕಾರು ತಗೀರೋ!" ಎಂದು ಹಾಡುವ ಗಂಟಲಲ್ಲೇ ಗದರಿದಳು.

ಬಾಗಿಲಲ್ಲಿ ನಿಂತಿದ್ದದ್ದು ಒಂದೇ ಕಾರು, ಸಂಜೆ ಗಂಡನ್ನು ಮೆರವಣಿಗೆಯಲ್ಲಿ ಕರೆತರಲು ಸೇವಂತಿಗೆ ಹಾರಗಳಿಂದ ಸಿಂಗರಿಸಿದ್ದು. "ಅದು ಗಂಡಿನ ಕಾರು," ಎಂದು ಯಾರೋ ಗೊಣಗಿದರು. "ಗಂಡು ನಡ್ಕಂಡ್ ಬರ್ಲಿ, ಅವ್ನಿಗೇನ್ ಕಾಲಿಲ್ವಾ?" ಎಂದಳು ಅವನ ದೊಡ್ಡತ್ತೆ. ಗಿಡ್ಡಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಆಚೀಚೆ ಜಾನಕಮ್ಮ, ಜವರಣ್ಣ ಕೂತರು. ಕಾರು ಅಲುಗಿದ್ದೇ ತಡ, ಹೊರಗೆ ಬೀಡಿ ಸೇದುತ್ತಿದ್ದ ಬ್ಯಾಂಡಿನವರು ಮೆರವಣಿಗೆ ಹೊರಟಿತೆಂದುಕೊಂಡು ಬೀಡಿ ಬಿಸಾಕಿ ಬಾರಿಸತೊಡಗಿದರು. ರಸ್ತೆಯ ತಿರುವಿನವರೆಗೂ ಬಾರಿಸುತ್ತ ಓಡಿಬಂದರು. ಅಂಗಡಿಯವರೆಲ್ಲ ಎದ್ದು ನಿಂತು, ಕಾರಿನೊಳಗೆ ಗಂಡನ್ನು ಹುಡುಕಿ, ಊದಿದ ಕೆನ್ನೆಯ ಮುದುಕಿಯನ್ನು ಕಂಡು ಬೆರಗಾದರು. ಅಂಥ ಹೊತ್ತಿನಲ್ಲೂ ಗಿಡ್ಡಮ್ಮನ ಕಣ್ಣು ಕಿಟಕಿಯ ಪಕ್ಕ ಜೋತಾಡುತ್ತಿದ್ದ ಹಾರದ ಮೇಲಿತ್ತು. ದಾರ ಎಷ್ಟು ಸಡಿಲ, ಯಾವನು ಕಟ್ಟಿದ್ದೋ. ಬಿಚ್ಚಿ ಬೀಳುತ್ತಿದ್ದ ತುದಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

ಆಸ್ಪತ್ರೆಯ ಹಲ್ಲಿನ ಡಾಕ್ಟರು ಯಶೋಧರಾ, ವಯಸ್ಸು ಮೂವತ್ತು ದಾಟಿರದ ಹುಡುಗಿ, ಮನೆಗೆ ಹೊರಟು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದಿದ್ದಳು. ಗಿಡ್ಡಮ್ಮನ ಕತ್ತು ಕಂಡು ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಬಾಯಿ ತೆಗೀರಿ ಅಮ್ಮ. ಮೂರು ಬೆರಳು ಒಳಗೆ ಹೋಗ್ಬೇಕು... ನಿಮ್ದು ಒಂದೂ ಹೋಗ್ತಿಲ್ಲ. ನೋವು ನಿಂತೋಯ್ತು ಅಂತಾರೆ ಇವರು, ಎಷ್ಟು ದಿನ ಆಯ್ತು?"

ಗಿಡ್ಡಮ್ಮ ಮೂರು ಬೆರಳು ತೋರಿಸಿದಳು.

"ನಿಂತಿದ್ದಲ್ಲ ಅದು. ಹಲ್ಲಿನೊಳಗಿನ ನರ ಸತ್ತುಹೋಗಿದೆ, ಅದಕ್ಕೆ ನೋವು ಗೊತ್ತಾಗ್ತಿಲ್ಲ. ಕೀವು ಕತ್ತಿಗೆ ಇಳೀತಿದೆ. ಕೆನ್ನೆ ಕಂದಿರೋದು ನೋಡಿದ್ರೆ ಮೇಲಿಂದ ಶಾಖ ಬೇರೆ ಕೊಟ್ಟಿದ್ದೀರಿ." ಜವರಣ್ಣನ ಕಡೆ ತಿರುಗಿ ದನಿಯೇರಿಸಿದಳು. "ಬಾಯಿ ತೆಗೆಯೋಕಾಗ್ತಿಲ್ಲ, ನುಂಗೋಕಾಗ್ತಿಲ್ಲ, ಜ್ವರ ಸುಡ್ತಿದೆ. ಇಷ್ಟಾದ್ರೂ ಮನೇಲಿ ಇಟ್ಕೊಂಡು ಏನು ಮಾಡ್ತಿದ್ರಿ?"

"ನಾವು... ಎಲೆ ಅಡಿಕೆ ಹಿಡ್ದು ಸಮಾಧಾನ ಮಾಡ್ತಿದ್ವಿ ಡಾಕ್ಟ್ರಮ್ಮ," ಎಂದ ಜವರಣ್ಣ. "ಮುನಿಸ್ಕಂಡವ್ಳೆ ಅಂತ..."

"ಮುನಿಸಿಗೆ ಕತ್ತು ಊದಲ್ಲ ಕಣ್ರೀ!"

ಜವರಣ್ಣ ಮಕ್ಕಳ ಹಾಗೆ ಅತ್ತುಬಿಟ್ಟ. ಗಿಡ್ಡಮ್ಮನಿಗೆ ತನ್ನ ಭಯಕ್ಕಿಂತ ಅವನ ಅಳುವೇ ಹೆಚ್ಚಾಯಿತು. ಬಿಂದಿಗೆಯ ಸಿಟ್ಟು ಎಲ್ಲಿ ಕರಗಿತೋ, ತಮ್ಮನ ತಲೆ ಸವರಿದಳು. ಡಾಕ್ಟರು ಡ್ರಿಪ್ ಹಾಕಿಸಿ, ಗದ್ದದ ಕೆಳಗೆ ಮರಗಟ್ಟುವ ಸೂಜಿ ಕೊಟ್ಟು, ಸಣ್ಣದಾಗಿ ಕೊಯ್ದು ಕೀವು ತೆಗೆದಳು. ಬೆಳಗಿನೊಳಗೆ ಊತ ಇಳಿಯದಿದ್ದರೆ ಹಾಸನಕ್ಕೆ ಕಳಿಸುತ್ತೇನೆಂದು ಹೇಳಿ ಆಂಬುಲೆನ್ಸಿನವನನ್ನು ತಯಾರಿಟ್ಟಳು. ತಮ್ಮನನ್ನು ಮದುವೆ ಕೆಲಸಕ್ಕೆ ಓಡಿಸಿ, ರಾತ್ರಿಯಿಡೀ ಗಿಡ್ಡಮ್ಮನ ಪಕ್ಕ ಕೂತವಳು ಜಾನಕಮ್ಮ.

ಬೆಳಿಗ್ಗೆ ಊತ ಅರ್ಧಕ್ಕರ್ಧ ಇಳಿದಿತ್ತು. ಒಂದು ಬೆರಳು ಸಲೀಸಾಗಿ ಹೋಯಿತು, ಎರಡನೆಯದು ಅರ್ಧ ಹೋಯಿತು. ಗಿಡ್ಡಮ್ಮ ಒಂದು ಲೋಟ ನೀರು ಕುಡಿದಳು. ಹುಟ್ಟಿದ ಮೇಲೆ ಅಷ್ಟು ರುಚಿಯಾದ ನೀರು ಕುಡಿದ ನೆನಪು ಅವಳಿಗಿರಲಿಲ್ಲ.

"ಹಲ್ಲು?" ಎಂದು ಕೇಳಿದಳು. ಅದು ಅವಳ ಮೊದಲ ಮಾತು.

"ನಾಲ್ಕು ದಿನ ಬಿಟ್ಟು, ಬಾಯಿ ಪೂರ್ತಿ ಬಂದ ಮೇಲೆ ಕೀಳೋದೇ," ಎಂದಳು ಡಾಕ್ಟರು.

"ಪದ ಹೇಳ್ತೀನಿ ನಾನು. ಗಾಳಿ ಹೋಗಲ್ವಾ?"

"ಅದು ಹಿಂದಿನ ಹಲ್ಲು. ಹಾಡೋಕೆ ಮುಂದಿನವು ಸಾಕು, ಅವೆಲ್ಲ ಗಟ್ಟಿಯಾಗಿವೆ. ಆದ್ರೆ ಆ ಕಡ್ಡಿಪುಡಿ ಬಿಡಿ."

ಗಿಡ್ಡಮ್ಮ ಉತ್ತರಿಸಲಿಲ್ಲ. ಈ ಸಲದ ಮೌನ ನಿಜವಾದ ಮುನಿಸಿನದು.

ಧಾರೆ ಮುಗಿದ ಅರ್ಧ ಗಂಟೆಗೆ ಅದೇ ಕಾರು ಆಸ್ಪತ್ರೆಯ ಮುಂದೆ ನಿಂತಿತು. ಬಾಸಿಂಗ ಕೂಡ ಬಿಚ್ಚದೆ ಮದುಮಕ್ಕಳಿಬ್ಬರೂ ವಾರ್ಡಿನೊಳಕ್ಕೆ ಬಂದರು. ಹಿಂದೆ ಗಿರಿಯಮ್ಮ, ಕಂಕುಳಲ್ಲಿ ಹಿತ್ತಾಳೆ ಬಿಂದಿಗೆ. ಹುಣಸೆಹಣ್ಣು ಹಾಕಿ ಬೆಳಗಿದ್ದಳು. ಅದನ್ನು ತಂದು ಮಂಚದ ಪಕ್ಕ ಇಟ್ಟು ಹಿಂದೆ ಸರಿದು ನಿಂತಳು. ಗಿಡ್ಡಮ್ಮ ಅದರ ಕಂಠವನ್ನು ಒಮ್ಮೆ ಸವರಿ, ದಿವ್ಯಶ್ರೀಯ ಕಡೆ ತಳ್ಳಿದಳು. "ಇವಳಿಗೇ ಇರ್ಲಿ. ನಂಗೆ ರೇಷ್ಮೆ ಸೀರೆ ತಂದ್ಕೊಡು," ಎಂದಳು, ಹಲ್ಲು ಕಚ್ಚಿದ ದನಿಯಲ್ಲಿ. ಗಿರಿಯಮ್ಮ ನಕ್ಕು ಅತ್ತಳು.

"ಅತ್ತೆ, ನಿನ್ ಪದ ಇಲ್ದೆ ಮದ್ವೆ ಆಗೋಯ್ತಲ್ಲೇ," ಎಂದು ದಿವ್ಯಶ್ರೀ ಕಾಲಿಗೆರಗಿದಳು.

"ಯಾಕ್ ಆಗೋಯ್ತು? ಉತ್ರ ಬಾಕಿ ಐತೆ," ಎಂದು ಜಾನಕಮ್ಮ ಮಂಚದ ಮೇಲೇ ಕೂತು ಗಿಡ್ಡಮ್ಮನ ಬಾಯಿಯ ಹತ್ತಿರ ಕಿವಿಯೊಡ್ಡಿದಳು. "ಹೇಳು ಬೀಗಿತ್ತಿ, ನಿನ್ ಪದ ನಾನೇ ಹಾಡ್ತೀನಿ."

ಗಿಡ್ಡಮ್ಮ ಒಂದೊಂದೇ ಸಾಲು ಪಿಸುಗುಟ್ಟಿದಳು. ಕೇಳುತ್ತ ಕೇಳುತ್ತ ಜಾನಕಮ್ಮನ ಕಣ್ಣು ಅಗಲವಾಯಿತು. ಕೊನೆಯ ಸಾಲಿಗೆ, "ಥೂ, ನಿನ್!" ಎಂದು ಬೈದಳು. ಆದರೂ ಕೊಟ್ಟ ಮಾತು ಕೊಟ್ಟದ್ದೇ. ಬೆನ್ನು ನೆಟ್ಟಗೆ ಮಾಡಿ, ಇಡೀ ವಾರ್ಡಿಗೆ ಕೇಳುವ ಹಾಗೆ ಎತ್ತಿದಳು:

ಮೊಳ ಗೇಣಾದ್ರೂವೆ ಹೂವ ನಮ್ದು ಘಮ್ಮಂತು
ಅರಸೀಕೆರೆ ಜಾನಿ ತುರುಬೀನ ಒಳಗೆಲ್ಲ
ತೆಂಗಿನ ನಾರೇ ತುಂಬೈತೆ, ಸೋಬಾನೆ.

ಪಕ್ಕದ ಮಂಚದ ಬಾಣಂತಿಯಿಂದ ಹಿಡಿದು ಬಾಗಿಲಲ್ಲಿ ನಿಂತ ನರ್ಸಿನವರೆಗೆ ಎಲ್ಲರೂ ನಕ್ಕರು. ಮದುಮಗ ನಗುವುದೋ ಬೇಡವೋ ಎಂದು ದೊಡ್ಡತ್ತೆಯ ಮುಖ ನೋಡಿ, ಅವಳೇ ತುರುಬು ಮುಟ್ಟಿಕೊಂಡು ನಗುತ್ತಿದ್ದುದನ್ನು ಕಂಡು ತಾನೂ ಶುರುಮಾಡಿದ. ಗಿಡ್ಡಮ್ಮನಿಗೆ ನಗಲು ಬಾಯಿ ಸಾಲದು. ದಿಂಬು ತಬ್ಬಿಕೊಂಡು ಮೈಯೆಲ್ಲ ಕುಲುಕಿಸಿದಳು.

ಜಾನಕಮ್ಮನೊಬ್ಬಳ ಹೊರತು ಎಲ್ಲರೂ ಊಟಕ್ಕೆ ಹೊರಟಮೇಲೆ ಗಿಡ್ಡಮ್ಮ ದಿಂಬಿನ ಕೆಳಗಿಂದ ಸೇವಂತಿಗೆಗಳನ್ನು ತೆಗೆದಳು. ನಿನ್ನೆ ಕಾರಿನ ಹಾರದಿಂದ ಮಡಿಲಿಗೆ ಎಳೆದುಕೊಂಡ ಹೂವು. ಬೆಳಗಿನಿಂದ ಅವನ್ನು ಬಿಡಿಸಿ, ಎಲೆಯಡಿಕೆ ಚೀಲದಲ್ಲಿದ್ದ ತನ್ನದೇ ದಾರದಲ್ಲಿ ಬಿಗಿಯಾಗಿ ಮತ್ತೆ ಕಟ್ಟಿದ್ದಳು. ಮಾಲೆಯ ತುದಿಯನ್ನು ಜಾನಕಮ್ಮನ ಬೆರಳಿಗೆ ಹಿಡಿಸಿ, ಅವಳ ನೀಳ ಕೈಯ ಉದ್ದಕ್ಕೂ ಮೊಣಕೈವರೆಗೆ ಅಳೆದಳು. ಆಮೇಲೆ ಇನ್ನೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟಳು. ದಾರ ಕಡಿಯಲು ಅಭ್ಯಾಸಬಲದಿಂದ ಬಾಯಿಗೊಯ್ದವಳು ತಡೆದು, ಅದನ್ನು ಜಾನಕಮ್ಮನ ಕಡೆ ಚಾಚಿದಳು.

ಜಾನಕಮ್ಮ ಬಗ್ಗಿ, ಗಿಡ್ಡಮ್ಮನ ಬೆರಳುಗಳ ನಡುವಿನ ದಾರವನ್ನು ತನ್ನ ಹಲ್ಲಿನಿಂದ ಟಕ್ಕೆಂದು ಕಡಿದು, ಹಾಗೇ ಬಗ್ಗಿಕೊಂಡು ತುರುಬನ್ನು ಮುಂದೊಡ್ಡಿದಳು.